ಪಾರ್ಸಲ್ ಮ್ಯಾಲ ತೊಂಬತ್ತೊಂಬತ್ತು

ನಂಬಬ್ಯಾಡ್ರಿ. ನನ್ನ ಮಾತು ಬೀದರದಾಗೇ ಯಾರೂ ನಂಬಂಗಿಲ್ಲ, ನೀವ್ಯಾಕ ನಂಬ್ತೀರಿ? ಆದ್ರೂ ಹೇಳ್ತೇನಿ, ತಾಕತ್ತಿದ್ರ ಸುಳ್ಳಂತ ತೋರಸ್ರಿ. ನೌಬಾದದ ನನ್ನ ಮನಿ ಮುಂದಿನ ಖೋಲ್ಯಾಗ ಬರೀ ಬನಿಯನ್ ಹಾಕ್ಕೊಂಡು ಕೂತು ನಾ ಜಗತ್ತಿನ ಕಂಪ್ಯೂಟರಿಗಿ ಪಾರ್ಸಲ್ ಕಟ್ಟೀನಿ. ಜರ್ಮನಿದಾಂವ ಒಬ್ಬ ಥ್ಯಾಂಕ್ಸ್ ಅಂತ ಬರ್ದಾನ. ಬ್ರೆಜಿಲದಾಂವ ಒಬ್ಬ ಬೈದು ಬರ್ದಾನ. ಬೈದದ್ದನ್ನ ಪ್ರಿಂಟ್ ತಗದು ಗ್ವಾಡಿಗಿ ಅಂಟಿಸೀನಿ. ಬ್ರೆಜಿಲದಿಂದ ಬೈಸ್ಕೊಂಡಾಂವ ನಮ್ಮ ಜಿಲ್ಲಾದಾಗ ಇನ್ನೊಬ್ಬ ಇದ್ರ ಕರ್ಕೊಂಡು ಬರ್ರಿ.

ಮೊದಲ ನಾ ಟೆಲಿಫೋನ್ ಕಂಬ ಹತ್ತಿ ತಂತಿ ಜೋಡ್ಸೊ ಕೆಲಸದಾಗ ಇದ್ದೆ. ರಿಟೈರ್ ಆದ ಮ್ಯಾಲ ಮೊಳಕಾಲು ಕಂಬ ಒಲ್ಲೆ ಅಂದ್ವು, ಕಂಪ್ಯೂಟರ್ ಮುಂದ ಕೂತೆ. ಲಿನಕ್ಸ್ ಪುಕ್ಕಟ ಸಿಗ್ತದ ಅಂತ ಹಚ್ಕೊಂಡೆ. ಆಮ್ಯಾಲ ಬಿಡಾಕ ಆಗ್ಲಿಲ್ಲ.

ಪಾರ್ಸಲ್ ಕಟ್ಟೋದು ಅಂದ್ರ ಏನಂತ ಜರಾ ತಿಳ್ಕೊರಿ. ಪ್ರೋಗ್ರಾಮ್ ಬರಿಯಾವ್ರು ಬ್ಯಾರಿ ಬ್ಯಾರಿ ದೇಶದಾಗ ಇರ್ತಾರ. ಅವರು ಮಾಲು ಮಾಡಿ ರಸ್ತಾದಾಗ ಸುರುವಿ ಹೋಗ್ತಾರ. ಲಿನಕ್ಸ್ ಡಿಸ್ಟ್ರಿಬ್ಯೂಶನ್ ಅಂದ್ರ ದೊಡ್ಡ ಕಿರಾಣಿ ದುಕಾನ ಅನ್ರಿ. ನಡುವ ನನ್ನಂಥಾಂವ ಒಬ್ಬ ಆ ಮಾಲು ಆರಿಸಿ, ಹಸನ ಮಾಡಿ, ಕಟ್ಟಿ, ಮ್ಯಾಲ ನಂಬರಿನ ಚೀಟಿ ಹಚ್ಚಿ ಕಪಾಟಿನಾಗ ಇಡ್ತಾನ. ಪಗಾರಿಲ್ಲ, ಬೈಗುಳ ಅದ. ದುಕಾನದಾವ್ರು ಒಂದೇ ಮಾಲು ಎರಡು ವರ್ಷ ಅಲುಗಾಡದಂಗ ಇಡಬೇಕಂತಾರ. ಮಾಲು ಮಾಡಾವ್ರು ಎರಡು ವಾರಕ್ಕೊಮ್ಮಿ ಹೊಸದು ಬಿಡ್ತಾರ. ಹೊಸದಕ್ಕ ಬೇಕಾಗೊ ಸಾಮಾನು ದುಕಾನದಾಗ ಹಳೀದೇ ಇರ್ತದ. ಹಳೀ ಸಾಮಾನು ತಗದ್ರ ಬ್ಯಾರಿ ಹತ್ತು ಪ್ರೋಗ್ರಾಮ್ ಬೀಳ್ತಾವ. ಅದಕ್ಕ ನಾ ತ್ಯಾಪಿ ಹಚ್ಚಿ ಹಚ್ಚಿ ಹೊಸದನ್ನ ಹಳೀದರ ಮ್ಯಾಲ ಕುಂದ್ರಸ್ತಿದ್ದೆ, ನನ್ನದೇ ಒಂದು ಸಣ್ಣ ಕಪಾಟು ನೆಟ್‌ನಾಗ ಮಾಡಿ ಅಲ್ಲಿ ಇಡ್ತಿದ್ದೆ. ನಾ ಕೂಡಿಸಿದ ಮಷಿನೆಲ್ಲ ಅಲ್ಲಿಂದ ತಾವೇ ತಗೋತಿದ್ವು. ಮಷಿನಿಗಿ ಇರೋದು ಒಂದೇ ಬುದ್ಧಿ. ಚೀಟಿ ಮ್ಯಾಲ ತನ್ನ ಹಂತ್ಯಾಕ ಇರೋದಕ್ಕಿಂತ ದೊಡ್ಡ ನಂಬರಿದ್ರ ತಗೋತದ, ಸಣ್ಣದಿದ್ರ ಹೊಳ್ಳಿ ನೋಡಂಗಿಲ್ಲ.

ನಾ ಕಟ್ತಿದ್ದದ್ದು ಮಾರಿ ನೋಡ್ಕೋತ ಮಾತಾಡೊ ಪ್ರೋಗ್ರಾಮ್. ಆಗ ಈಗಿನಂಗ ಎಲ್ಲಾರ ಕಿಸೇದಾಗ ವಿಡಿಯೋ ಫೋನ್ ಇರ್ಲಿಲ್ಲ. ಬೀದರದ ಮುದುಕನಿಗಿ ಅದರ ಉಸಾಬರಿ ಯಾಕ ಅಂತ ಕೇಳ್ತೀರಿ. ಭಾಲ್ಕಿದಾಗ ಒಬ್ಬಾಕಿ ಇದ್ದಳು, ಅದಕ್ಕ.

ಏ, ನಗಬ್ಯಾಡ್ರಿ. ನನ್ನ ಮಗಳ ವಾರಿಗಿದಾಕಿ ಆಕಿ. ಭಾಲ್ಕಿದಾಗ ನಾ ಐತವಾರ ಹುಡುಗರಿಗಿ ಕಂಪ್ಯೂಟರ್ ಕಲಸ್ತಿದ್ದೆ, ಬಾಜೂ ಖೋಲ್ಯಾಗ ಆಕಿ ಬಟ್ಟಿ ಹೊಲೀತಿದ್ದಳು. ಹುಟ್ಟಿದಾಗಿಂದ ಕಿವಿ ಕೇಳಂಗಿಲ್ಲ, ಮಾತಿಲ್ಲ. ಸಾಲಿ ಕಂಡಿಲ್ಲ, ಟೇಪಿನ ಮ್ಯಾಲಿನ ನಂಬರ್ ಬಿಟ್ರ ಅಕ್ಷರ ಬರಂಗಿಲ್ಲ. ಊರ ಮಂದಿಗೆಲ್ಲ ಟೋಪಿ ಹಾಕಿದ ನನಗ ಟೋಪಿ ಹಾಕಿದಾಕಿ ಆಕಿ ಒಬ್ಬಾಕಿನೇ. ಒಮ್ಮಿ ಆಕಿ ಹೊಲದ ಹೊಸ ಅಂಗಿ ಹಾಕ್ಕೊಂಡು ಬಸ್ ಹತ್ತೀನಿ, ಕಂಡಕ್ಟರ್ ಮುಂದ ನಿಂತು ಕಿಸೇಕ್ಕ ಕೈ ಹಾಕಿದ್ರ ಕೈ ಒಳಗ ಹೋಗವಲ್ಲದು. ಕಿಸೇದ ಬಾಯಿ ಸಣ್ಣ ಹೊಲಿಗಿ ಹಾಕಿ ಮುಚ್ಯಾಳ! ಮುಂದಿನ ಐತವಾರ ಹೋದ್ರ ಹೊಟ್ಟಿ ಹಿಡ್ಕೊಂಡು ನಗ್ಲತಾಳ.

ಆಕಿಗಿ ಒಬ್ಬ ತಮ್ಮ. ಅವನೂ ಹಂಗೇ, ಕಿವಿ ಮಾತು ಇಲ್ಲ. ಊರು ಸಾಯಗಾಂವ. ತಾಯಿ ತಂದಿ ಸಣ್ಣಂದಿರಾಗ ತೀರಿದ್ರು, ಚಿಗವ್ವ ಇಬ್ಬರನ್ನೂ ಭಾಲ್ಕಿಗಿ ತಂದು ಸಾಕಿದ್ಳು. ಯಾರೂ ಕಲಸಲಿಲ್ಲಂತ ಅವರಿಬ್ಬರೂ ತಮ್ಮದೇ ಒಂದು ಕೈ ಮಾತು ಕಟ್ಕೊಂಡಿದ್ರು. ಅದು ಚಿಗವ್ವಗೂ ಪೂರಾ ತಿಳೀತಿದ್ದಿಲ್ಲ. ಜಗತ್ತಿನಾಗ ಇಬ್ಬರೇ ಆಡೊ ಮಾತು ಅದು. ಅದರಾಗ ನನ್ನ ಹೆಸರು, ಮೀಸಿ ತಿರುವಿ ನಾಲಿಗಿ ಹೊರಗ ಹಾಕೋದು. ಮೀಸಿಯ ಸುಳ್ಳಪ್ಪ ಅಂದಂಗ.

ತಮ್ಮ ದಾಲ್ ಮಿಲ್ಲಿನಾಗ ಚೀಲ ಹೊರ್ತಿದ್ದ. ಎರಡು ವರ್ಷ ಮಳಿ ಇಲ್ಲ, ತೊಗರಿ ಇಲ್ಲ, ಮಿಲ್ ಬಾಗಲಾ ಹಾಕಿತು. ಭಾಲ್ಕಿ ಸ್ಟೇಶನ್ನಿನಾಗ ದಿನಾ ಗಂಟು ಮೂಟಿ, ಕೊಡ, ಒಲಿ ಸಮೇತ ಮಂದಿ. ಒಬ್ಬ ಮೇಸ್ತ್ರಿ ಇವನ ರಟ್ಟಿ ನೋಡಿ ಹೈದ್ರಾಬಾದಿಗಿ ಕಟ್ಟಡದ ಕೆಲಸಕ್ಕ ಕರ್ಕೊಂಡು ಹೋದ. ಗುಂಪಿನಾಗ ಇವನ ಊರಿನಾವ್ರು ಒಬ್ಬರೂ ಇಲ್ಲ. ಆಕಿ ಹೊಲಿಗಿ ಮಷಿನ್ ಮುಂದ ಸುಮ್ಮ ಕೂತುಬಿಟ್ಟಳು. ಕೈ ಎರಡೂ ತೊಡೀ ಮ್ಯಾಲ. ಆಕಿ ಸುಮ್ಮ ಅಂದ್ರ ಕೈ ಸುಮ್ಮ, ಮತ್ತೇನು.

ನಾ ಬಿಡ್ತೇನಾ? ಹಳೀ ಕಂಪ್ಯೂಟರ್ ತಂದು ಆಕಿ ಖೋಲ್ಯಾಗ ಕೂಡಿಸ್ದೆ. ಟೆಲಿಫೋನಿನ ಹಳೀ ದೋಸ್ತರಿಗಿ ಹೇಳಿ ನೆಟ್ ಲೈನ್ ಎಳಸ್ದೆ. ಹೈದ್ರಾಬಾದದಾಗ ನನ್ನ ಅಕ್ಕನ ಮಗನ ಝೆರಾಕ್ಸ್ ದುಕಾನ ಇತ್ತು, ಕಟ್ಟಡದ ಹಂತ್ಯಾಕೇ. ಅಲ್ಲಿ ಒಂದು ಮಷಿನ್. ಐತವಾರ ಮುಂಜಾನಿ ಹತ್ತಕ್ಕ ಇಬ್ಬರೂ ಎದುರಬದರ. ಮೊದಲ್ನೇ ಸಲ ತಮ್ಮನ ಮಾರಿ ಬಂತು ನೋಡ್ರಿ, ಆಕಿ ಎದ್ದು ನಿಂತು ಕಂಪ್ಯೂಟರಿನ ಪರದಾದ ಹಿಂದ ಹೋಗಿ ನೋಡಿದ್ಳು. ಆಮ್ಯಾಲ ಸುರು ಆತು. ಎರಡು ತಾಸು, ನಾಲ್ಕು ಕೈ, ಒಂದು ಸಪ್ಪಳ ಇಲ್ಲ. ನೆಟ್ ಜಗ್ಗಿದ್ರ ಬೆರಳು ನಿಂತಲ್ಲೇ ನಿಲ್ತಾವ, ಮಾತು ಕಟ್ ಆಗ್ತದ. ಅದನ್ನ ಸುಧಾರಿಸಿದ ಹೊಸ ಮಾಲು ಬಂದ ಕೂಡ್ಲೆ ನಾ ಕಟ್ಲೇಬೇಕು. ಅದಕ್ಕೇ ಆ ಪ್ರೋಗ್ರಾಮಿನ ಬೆನ್ನ ಹತ್ತಿದ್ದೆ. ಜರ್ಮನಿದಾಂವಗ ಇದು ಗೊತ್ತಿಲ್ಲ.

ಈಗ ನನ್ನ ಮಸ್ಕಿರಿ ಕೇಳ್ರಿ. ಔರಾದದಾಗ ನನಗ ಒಬ್ಬ ಗೆಳೆಯ, ರಿಟೈರ್ ಹೆಡ್ ಮಾಸ್ತರ, ಎದುರಿಗಿ ಗುರುಜಿ ಅಂತೇನಿ. ಮನಿದಾಗ ಮರಾಠಿ, ಹೊರಗ ಕನ್ನಡ, ಸಿಟ್ಟಿಗಿ ಎರಡೂ. ಅವಗೂ ಲಿನಕ್ಸ್ ನಾನೇ ಹಚ್ಚಿ ಕೊಟ್ಟಿದ್ದೆ. ಯಾವ ಪ್ರೋಗ್ರಾಮ್ ಹೊಸದು ಬಂದ್ರೂ ತನಗೇ ಮೊದಲ ಬಂತು ಅಂತ ಫೋನ್ ಹಚ್ಚಿ ಜಂಬ ಹೊಡೀತಿದ್ದ. ಇವನ ಜಂಬ ಇಳಸ್ತೇನಿ ಅಂತ ಒಂದು ಬುಧವಾರ ಹಳೀ ಪಾರ್ಸಲ್ಲೇ ತಗದು, ಒಳಗ ಏನೂ ಮುಟ್ಟದ, ಮ್ಯಾಲಿನ ಚೀಟಿದಾಗ ತೊಂಬತ್ತೊಂಬತ್ತು ಅಂತ ಬರ್ದು ಕಪಾಟಿನಾಗ ಇಟ್ಟೆ. ಖರೇ ನಂಬರ್ ಇನ್ನ ಎರಡೂ ದಾಟಿದ್ದಿಲ್ಲ.

ತಾಸಿನಾಗ ಫೋನ್.

"ಅರೇ ಬಾಬಾ! ತೊಂಬತ್ತೊಂಬತ್ತು ಬಂದದಲ್ರಿ ನನ್ನ ಮಷಿನ್ದಾಗ!"

"ಹೌದೇನ್ರಿ ಗುರುಜಿ? ನನಗ ಇನ್ನ ಒಂದೂವರಿನೇ ಅದ."

"ನಿಮ್ಮ ನಸೀಬಾ ಅಷ್ಟೇ. ಇದರಾಗ ಮಾರಿ ಎಷ್ಟ ಸಾಫ್ ಕಾಣ್ತದಂತೀರಿ! ಬಣ್ಣನೇ ಬ್ಯಾರಿ!"

"ಗುರುಜಿ, ಚಾಳೀಸ್ ಹಾಕ್ಕೊಂಡು ನೋಡ್ರಿ. ಚೀಟಿ ಬಿಟ್ರ ಏನೂ ಬದಲಿಲ್ಲ."

ಗುರುಜಿ ಬೈದದ್ದು ಬರಿಯಾಕ ಬರಂಗಿಲ್ಲ. ಸಂಜಿಕ್ಕ ಆ ಪಾರ್ಸಲ್ ಕಪಾಟಿನಿಂದ ತಗದೆ, ಗುರುಜಿ ಮಷಿನ್ ಸರಿ ಮಾಡಿ ಕೊಟ್ಟೆ. ಭಾಲ್ಕಿ ಮಷಿನ್ ಐತವಾರ ಅಷ್ಟೇ ಚಾಲೂ ಆಗೋದು, ಅದಕ್ಕ ತೊಂಬತ್ತೊಂಬತ್ತು ಹತ್ತಲೇ ಇಲ್ಲ. ಹೈದ್ರಾಬಾದಿನ ಝೆರಾಕ್ಸ್ ದುಕಾನದ್ದು ಮಾತ್ರ ಇಡೀ ದಿನ ಚಾಲೂ. ಅದು ನನಗ ನೆನಪೇ ಬರ್ಲಿಲ್ಲ. ಒಳಗ ಹಳೀ ಮಾಲೇ ಇತ್ತಲ್ಲ, ಅಕ್ಕ ತಮ್ಮ ಎಂದಿನಂಗ ಮಾತಾಡ್ಕೋತ ಇದ್ರು. ನಾ ನಕ್ಕೋತ ಇದ್ದೆ.

ಮೂರು ತಿಂಗಳಾದ ಮ್ಯಾಲ ಮಾಲು ಮಾಡಾವ್ರು ಒಂದು ಮಷಿನ್ ಇನ್ನೊಂದರ ಕೂಡ ಮಾತಾಡೊ ರೀತಿನೇ ಬದಲಿ ಮಾಡಿದ್ರು. ಹೊಸದು ಹೊಸದರ ಕೂಡನೇ ಮಾತಾಡ್ತದ, ಹಳೀದರ ಕೂಡ ಇಲ್ಲ. ಜಗತ್ತಿನ ಪಾರ್ಸಲ್ ಕಟ್ಟಾವ್ರೆಲ್ಲ ತಲಿ ಮ್ಯಾಲ ಕೈ ಹೊತ್ತು ಕೂತಾಗ, ಈ ಮುದುಕ ಮೂರು ದಿನದಾಗ ತ್ಯಾಪಿ ಹಚ್ಚಿ ಕಟ್ಟಿದ. ಹೌದ್ರಿ, ಜಂಬ ಅದ, ಇರ್ಲಿ. ಆ ಐತವಾರ ಭಾಲ್ಕಿ ಮಷಿನ್ ಹೊಸದು ತಗೊಂತು. ಹತ್ತು ಗಂಟಿಗಿ ಆಕಿ ತಲಿಗಿ ಎಣ್ಣಿ ಹಚ್ಚಿ ಬಾಚ್ಕೊಂಡು ಬಂದು ಕೂತಳು. ಪರದಾ ಕರ್ರಗ.

ಅಕ್ಕನ ಮಗನಿಗಿ ಫೋನ್ ಹಚ್ಚಿದೆ. "ಅಪ್ಡೇಟ್ ಒತ್ತೊ."

"ಒತ್ತೀನಿ ಮಾಮಾ. ಎಲ್ಲಾ ಹೊಸದೇ ಅದ ಅಂತ ತೋರಸ್ತದ."

"ಮತ್ತೊಮ್ಮಿ ಒತ್ತು."

"ಹತ್ತು ಸಲ ಒತ್ತೀನಿ. ಅಂವ ಇಲ್ಲೇ ಕೂತಾನ ಮಾಮಾ, ಕರ್ರಗಿನ ಪರದಾಕ್ಕೇ ಕೈ ಮಾಡ್ಲತಾನ."

ಮಷಿನ್ ಎಲ್ಲಾ ಹೊಸದೇ ಅಂತ ಹೇಳ್ತದಲ್ಲ, ನಾ ಮಷಿನಿಗಿ ನಂಬಿದೆ. ತಪ್ಪು ಮಾಲು ಮಾಡಾವ್ರದೇ ಅಂತ ಅವರ ಕೂಡ ಜಗಳಾ ತಗದೆ. ಹದಿನೈದು ದಿನ ಅವರ ಕೋಡ್ ಸಾಲು ಸಾಲು ಓದಿದೆ, ಊಟಾ ತಣ್ಣಗಾಗ್ತಿತ್ತು. ಹೊಸದು ಹಾಕ್ರಿ ಸರಿ ಹೋಗ್ತದ ಅಂತ ಅವರು ಒಂದೇ ಸಾಲು ಬರೀತಿದ್ರು. ಹೊಸದೇ ಹಾಕೀನಿ ಮೂರ್ಖರಾ ಅಂತ ನಾ. ಎರಡನೇ ಐತವಾರನೂ ಕರ್ರಗ. ಮೂರನೇ ಐತವಾರನೂ ಕರ್ರಗ. ಆಕಿ ನನ್ನ ಕಡಿ ನೋಡಿ ಮೀಸಿ ತಿರುವಿ ನಾಲಿಗಿ ಹಾಕಿದ್ಳು, ಇದೂ ನಿನ್ನ ಮಸ್ಕಿರಿನಾ ಅಂತ. ನಗ್ಲಿಕ್ಕಿ ನೋಡಿದ್ಳು, ಆಗ್ಲಿಲ್ಲ. ನಾ ಅಲ್ಲ ಅಂತ ತಲಿ ಅಲ್ಲಾಡಿಸ್ದೆ. ಖರೇನೇ ಅಲ್ಲಂತ ನನಗ ಅನಿಸಿತ್ತು.

ಮಂಗಳವಾರ ಮುಂಜಾನಿ ಅಕ್ಕನ ಮಗನಿಗಿ ಫೋನಿನಾಗ ಸುಮ್ಮ ಕೇಳಿದೆ, "ಅಲ್ಲೊ, ನಂಬರ್ ಎಷ್ಟ್ ತೋರಸ್ತದ ಓದು."

"ತೊಂಬತ್ತೊಂಬತ್ತು, ಮಾಮಾ."

ಆ ಮಷಿನ್ ಪಾಲಿಗಿ ತನ್ನ ಹಂತ್ಯಾಕ ಇರೋದೇ ಜಗತ್ತಿನಾಗ ಎಲ್ಲಾಕ್ಕಿಂತ ಹೊಸದು. ನಾ ಕಳಿಸಿದ್ದೆಲ್ಲ ಅದಕ್ಕ ಹಳೀದು. ಫೋನ್ ಕಿವಿಗಿ ಹಿಡ್ಕೊಂಡೇ ಚಪ್ಪಲಿ ಹಾಕ್ಕೊಂಡೆ. ಮಧ್ಯಾಹ್ನಕ್ಕ ಹೈದ್ರಾಬಾದದಾಗ ಇದ್ದೆ, ಹತ್ತು ನಿಮಿಷದಾಗ ಮಷಿನ್ ಸರಿ ಮಾಡ್ದೆ, ಕಟ್ಟಡಕ್ಕ ಓಡಿದೆ. ಖಾಲಿ. ಸ್ಲ್ಯಾಬ್ ಮುಗಿದಿತ್ತು, ಸೋಮವಾರ ಮುಂಜಾನಿ ಮೇಸ್ತ್ರಿ ಗುಂಪು ಲಾರಿ ಹತ್ತಿಸಿಕೊಂಡು ಹೋಗ್ಯಾನ. ಚೌಕೀದಾರ ಪುಣೆ ಅಂದ, ಬಾಜೂದಾಂವ ಸೂರತ್ ಅಂದ. ಮೇಸ್ತ್ರಿ ಫೋನ್ ಬಂದ್.

ಅಕ್ಕನ ಮಗ ಹೇಳಿದ. ಮೂರನೇ ಐತವಾರ ಅಂವ ಎರಡು ತಾಸು ಪೂರಾ ಕೂತನಂತ. ಏಳೋ ಮುಂದ ಒಂದೇ ಮಾತು ಮತ್ತ ಮತ್ತ ಕೈಲಿಂದ ಆಡಿದನಂತ, ಮೊದಲು ಪರದಾಕ್ಕ, ಆಮ್ಯಾಲ ಇವನ ಕಡಿ ತಿರುಗಿ. ಆ ಹುಡುಗ ನನಗ ಮಾಡಿ ತೋರಿಸಿದ. ಮೂರು ಬೆರಳು ಎದಿಗಿ, ಆಮ್ಯಾಲ ಅಂಗೈ ಎರಡೂ ಗಲ್ಲದ ಮ್ಯಾಲಿಂದ ಕೆಳಗ. ಭಾಲ್ಕಿ ಬಸ್ಸಿನಾಗ ಮರೀಬಾರ್ದಂತ ನಾ ಅದನ್ನೇ ಮಾಡ್ಕೋತ ಬಂದೆ. ಬಾಜೂ ಸೀಟಿನಾಕಿ ಎದ್ದು ಹಿಂದ ಹೋಗಿ ಕೂತಳು.

ಆಕಿ ಮುಂದ ಮಾಡಿ ತೋರಿಸ್ದೆ. ಮತ್ತೊಮ್ಮಿ ಅಂದ್ಳು. ಮಾಡ್ದೆ. ನನ್ನ ಬೆರಳು ಹಿಡಿದು ಜರಾ ಮ್ಯಾಲ ಸರಿಸಿ, ಹಿಂಗಾ ಅಂತ ಕೇಳಿದ್ಳು. ನನಗೇನು ಗೊತ್ತು, ಹೌದಂದೆ. ಆಮ್ಯಾಲ ಹೋಗಿ ಹೊಲಿಗಿ ಮಷಿನ್ ತುಳಿಯಾಕ ಕೂತಳು. ಆ ಮಾತಿನ ಅರ್ಥ ಏನಂತ ಇವತ್ತಿನ ತನಕ ನನಗ ಹೇಳಿಲ್ಲ.

ಹುಡುಕಿಲ್ಲ ಅನಬ್ಯಾಡ್ರಿ. ಗುರುಜಿ ಪುಣೆಕ್ಕ ಬಂದ್ರು ನನ್ನ ಕೂಡ, ಮರಾಠಿ ಮಾತಾಡಿದ್ರು. ಕೂಲಿ ಮಂದಿ ನಿಂದ್ರೊ ನಾಕಾ ಒಂದೊಂದೂ ತಿರುಗಿದ್ವಿ. ಹೆಸರು ಹಿಡಿದು ಕೂಗಿದ್ರ ಅವಗ ಕೇಳಂಗಿಲ್ಲ, ಅಂವ ಸಿಗ್ಲಿಲ್ಲ. ಗುರುಜಿ ಒಂದು ನಾಕಾದಾಗ ಕಟ್ಟಿ ಮ್ಯಾಲ ಕೂತು, "ನನಗ ಸಿಟ್ಟು ಬರ್ಸಾಕ ಮಾಡಿದ್ರಿ ಅಲ್ರಿ ಅದು" ಅಂದ್ರು. ಬೈಲಿಲ್ಲ. ಬೈದಿದ್ರ ಬೇಷಿತ್ತು.

ಪಾರ್ಸಲ್ದಾಗ ತಪ್ಪು ನಂಬರಿಗಿ ಒಂದು ಇಲಾಜ್ ಅದ. ನಂಬರಿನ ಮುಂದ ಒಂದು ಅಂಕಿ ಬರ್ದು, ಹಿಂದಿನ ಲೆಕ್ಕಾ ಎಲ್ಲಾ ಬಿಡು, ಇಲ್ಲಿಂದ ಹೊಸದಾಗಿ ಎಣಸು ಅಂತ ಮಷಿನಿಗಿ ಹೇಳಬಹುದು. ಆದ್ರ ಆ ಅಂಕಿ ಒಮ್ಮಿ ಬರದ್ರ ಮುಗೀತು, ಎಂದೂ ಅಳಸಾಕ ಬರಂಗಿಲ್ಲ. ಇವತ್ತಿಗೂ ನನ್ನ ಪ್ರತಿ ಪಾರ್ಸಲ್ ಮುಂದ ಅದು ಕೂತದ. ಇದ್ಯಾಕ ಹಾಕೀರಿ ಅಂತ ಜರ್ಮನಿದಾಂವ ಕೇಳಿದ್ದ. ಕಟ್ಟಿದಾಂವ ಮೂರ್ಖ ಇದ್ದ ಅಂತ ಬರ್ದೆ. ಅಂವ ನಗುವ ಚಿತ್ರ ಕಳಿಸ್ದ.

ಹೋದ ವರ್ಷ ಒಂದು ಮುಂಜಾನಿ ಆಕಿ ಮುಂದ ಕೂತು ಎಲ್ಲಾ ಹೇಳಿಬಿಟ್ಟೆ. ಆಕಿ ಕೊರಳಾಗಿನ ಟೇಪ್ ತಗೊಂಡು, ಎರಡರ ಗೆರಿ ತೋರಿಸ್ದೆ, ತೊಂಬತ್ತೊಂಬತ್ತರ ಗೆರಿ ತೋರಿಸ್ದೆ. ಮಷಿನ್ ದೊಡ್ಡದನ್ನೇ ಹಿಡ್ಕೊಂಡು ಕೂತಿತು ಅಂತ ಮುಷ್ಟಿ ಕಟ್ಟಿದೆ. ಬರದಾಂವ ನಾ ಅಂತ ಮೀಸಿ ತಿರುವಿದೆ. ಆಕಿ ಟೇಪ್ ಕಸ್ಕೊಂಡು ಸುತ್ತಿದ್ಳು, ಮತ್ತ ಬಿಚ್ಚಿದ್ಳು. ಆಮ್ಯಾಲ ನನ್ನ ಭುಜಾ ಅಳದ್ಳು, ತೋಳು ಅಳದ್ಳು, ಮುದುಕನ ಎದಿ ಎರಡು ಇಂಚು ಇಳದದ ಅಂತ ಬೆರಳಲೆ ತೋರಿಸಿದ್ಳು. ಹತ್ತು ದಿನಕ್ಕ ಒಂದು ಬಿಳಿ ಅಂಗಿ ಕೊಟ್ಟಳು.

ಇಷ್ಟ ಹೇಳಿದ ಮ್ಯಾಲ ಒಂದು ಕಬೂಲ್ ಮಾಡ್ತೇನಿ. ಬಾಕಿ ಎಲ್ಲಾ ನಡದದ್ದೇ. ಈ ಕಡೀದು ಒಂದು ನಾ ಹುಟ್ಟಿಸಿದ್ದು. ಆಕಿಗಿ ಹೇಳೇ ಇಲ್ಲ ನಾ, ಬಿಳಿ ಅಂಗಿನೂ ಇಲ್ಲ. ಹೋದಾಗೊಮ್ಮಿ ಹೇಳಬೇಕಂತ ಹೋಗ್ತೇನಿ, ಆಕಿ ತಮ್ಮನ ಬಗ್ಗಿ ಕೇಳ್ತಾಳ, ಆಗ ಪರದಾ ಯಾಕ ಕರ್ರಗಾಗಿತ್ತು ಅಂತ. ನಾ ಕಿಡಕಿಯಿಂದ ಹೊರಗಿನ ತಂತಿ ಕಡಿ ಬೆರಳು ಮಾಡ್ತೇನಿ, ಲೈನ್ ಹೋಗಿತ್ತು ಅಂತ. ಹೋದ ಐತವಾರನೂ ಹಂಗೇ ಬೆರಳು ಮಾಡಿ ಬಂದೀನಿ.