ಚಕ್ಕಡಿಯಲ್ಲಿ ಬಂದ ಸೈಕಲ್

ನನ್ನ ಮೈ ಎಂಥದ್ದೆಂದರೆ, ಕೌಜಲಗಿಯಲ್ಲಿ ಯಾರ ಮನೆಗೆ ಹೋದರೂ ನನಗೆ ಕೂರಲು ಹೊರಸು ಹಾಕುವ ಮೊದಲು ಅದರ ಕಾಲು ಅಲುಗಿಸಿ ನೋಡುತ್ತಿದ್ದರು. ಊರೂರು ತಿರುಗಿ ಔಷಧ ಕೊಡುವ ಪಂಡಿತ ನಾನು. ಮಂದಿಗೆ ಪಥ್ಯ ಹೇಳಿ, ಅವರ ಮನೆಯಲ್ಲೇ ಹೋಳಿಗೆ ಹೊಡೆದು ಬರುತ್ತಿದ್ದೆ. ನಮ್ಮ ಓಣಿಯ ಕಾಕಾ ತನ್ನ ಚಕ್ಕಡಿಯಲ್ಲಿ ನನ್ನನ್ನು ಮೂಡಲಗಿಯವರೆಗೂ ತಿರುಗಿಸುತ್ತಿದ್ದ. ಹೊಲವಿಲ್ಲದ ಮನುಷ್ಯ. ನನ್ನ ತಿರುಗಾಟದ ಮೇಲೆಯೇ ಅವನ ಮನೆಯ ಒಲೆ ಉರಿಯುತ್ತಿತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಆದರೂ ಸೈಕಲ್ಲಿನ ಹುಚ್ಚು ಹತ್ತಿತು. ಎತ್ತಿನ ನಡಿಗೆಯಲ್ಲಿ ನಾನು ಹೋಗಿ ಮುಟ್ಟುವಷ್ಟರಲ್ಲಿ ಜ್ವರ ತಾನೇ ಇಳಿದಿರುತ್ತಿತ್ತು, ಇಲ್ಲವೇ ಇನ್ನೊಬ್ಬ ಪಂಡಿತ ಬಂದು ಹೋಗಿರುತ್ತಿದ್ದ. ಕಾಕಾನಿಗೆ ಹೇಳಬೇಕು, ಹೇಳಬೇಕು ಅಂದುಕೊಂಡೆ. ಬಾಯೇ ಬರಲಿಲ್ಲ. ನಮ್ಮ ಕಡೆ ಹೊರಟವರನ್ನು ‘ಎಲ್ಲಿಗೆ?’ ಎಂದು ಕೇಳಬಾರದು, ಅಪಶಕುನ. ಕಾಕಾ ಎಂದೂ ಕೇಳಿದವನಲ್ಲ; ನಾನು ತೋರಿಸಿದ ದಾರಿಗೆ ಎತ್ತು ಹೊಡೆಯುತ್ತಿದ್ದ. ಅದನ್ನೇ ಮರೆ ಮಾಡಿಕೊಂಡು ಅವನ ಚಕ್ಕಡಿಯಲ್ಲೇ ಗೋಕಾಕಕ್ಕೆ ಹೋದೆ; ಪೇಟೆಯಲ್ಲಿ ಸೈಕಲ್ ಅಂಗಡಿಯ ಮುಂದೆ ನಿಲ್ಲಿಸು ಎಂದೆ. ಥೂ, ಎಂಥ ಮೋರೆ ನನ್ನದು!

ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಹಗುರದ್ದು ನಿಮಗ ತಾಳಂಗಿಲ್ರಿ” ಎಂದು ದಪ್ಪನೆಯದೊಂದನ್ನು ಹೊರಗೆ ತಂದ. ಸೀಟಿನ ಮುಂದೆ ಒಂದರ ಬದಲು ಎರಡು ಕಬ್ಬಿಣದ ದಂಡಿ, ಅಗಲವಾದ ಚರ್ಮದ ಸೀಟು, ಕೆಳಗೆ ಗಟ್ಟಿ ಸ್ಪ್ರಿಂಗು. ಬೇಗ ಮುಗಿದರೆ ಸಾಕಾಗಿತ್ತು, ಇದೇ ಇರಲಿ ಎಂದೆ. ಕಾಕಾ ಬಿಡಲಿಲ್ಲ.

“ತಡೀರಿ ಪಂಡಿತ್ರ. ಬರೇ ನೋಡಿ ಎತ್ತು ತರತಾರೇನ್ರಿ? ನೀವು ಮುಂದ ಕುಂಡ್ರಿ, ನಾ ಹಿಂದ ಕುಂಡ್ರತೇನಿ. ಇಬ್ಬರನ್ನೂ ತಡೀತಂದ್ರ ಕಾಳಜಿ ಇಲ್ಲ.”

“ಮಂದಿ ನಗತಾರೋ ಕಾಕಾ.”

“ನಗಲೇಳ್ರಿ. ನಾಳಿ ನಡು ಹಾದ್ಯಾಗ ಮುರಕೊಂಡು ಬಿದ್ರ, ಎತ್ತಾಕ ನಾ ಬಾಜೂಕ ಇರಂಗಿಲ್ಲ.”

ಅವನಿಗೆ ಎಲ್ಲಾ ತಿಳಿದಿತ್ತು. ನನಗೆ ಅವನ ಮುಖ ನೋಡಲಾಗಲಿಲ್ಲ. ಆನೆಯಂಥ ನಾನು, ಬೆನ್ನಿಗೆ ಅವನು, ಅಂಗಡಿಯ ಮುಂದೆ ಒಂದು ಸುತ್ತು ಹೊಡೆದೆವು. ಪೇಟೆಯ ಮಂದಿ ಹೊಟ್ಟೆ ಹಿಡಿದು ನಕ್ಕರು. ಸೈಕಲ್ ಜಗ್ಗಲಿಲ್ಲ. ಆದರೆ ತುಳಿಯುವಾಗ ಮೊಣಕಾಲು ಹೊಟ್ಟೆಗೆ ತಾಗುತ್ತದೆಂದು ಕಾಕಾ ಜಗಳ ಮಾಡಿಯೇ ಸೀಟು, ಹ್ಯಾಂಡಲು ಎರಡನ್ನೂ ಎತ್ತರ ಮಾಡಿಸಿದ.

ಮೊದಲ ದಿನವೇ ಊರತನಕ ತುಳಿಯುವ ಧೈರ್ಯ ನನಗಿರಲಿಲ್ಲ. ಕಾಕಾ ಚಕ್ಕಡಿಯಲ್ಲಿ ಹುಲ್ಲು ಹಾಸಿ, ಬಣ್ಣ ತರಚಬಾರದೆಂದು ತನ್ನ ಕಂಬಳಿ ಸುತ್ತಿ, ಸೈಕಲ್ಲನ್ನು ಕೂಸಿನ ಹಾಗೆ ಮಲಗಿಸಿದ. ದಾರಿಯುದ್ದಕ್ಕೂ ಎತ್ತುಗಳನ್ನು ಮೆಲ್ಲಗೆ ನಡೆಸಿದ.

ಮನೆಯ ಮುಂದೆ ಇಳಿಸಿಕೊಟ್ಟಾಗ, “ಮಳಿಗಾಲದಾಗ ಚಕ್ಕಡಿ ಬೇಕಾಗತೈತಿ ಕಾಕಾ” ಎಂದೆ. ನನ್ನ ಮಾತು ನನಗೇ ಹೇಸಿಗೆಯಾಯಿತು. ಅವನು ಕಂಬಳಿ ಝಾಡಿಸಿ ಹೆಗಲಿಗೆ ಹಾಕಿಕೊಂಡ. ಅಷ್ಟು ವರ್ಷ ನನ್ನ ಅಂಗಳದಿಂದ ಹೊರಡುವಾಗ ಎಲ್ಲರಂತೆ “ಬರ್ತೇನ್ರಿ” ಎಂದೇ ಹೇಳುತ್ತಿದ್ದವನು, ಅಂದು “ಹೋಗ್ತೇನ್ರಿ ಪಂಡಿತ್ರ” ಎಂದ.