ಭಾವನ ಮಂಡಿ ಹೇಳಿದ ಮಳೆ

ಚಳಿ ಬಿಟ್ಟು ಮರ ಚಿಗುರಿತೆಂದರೆ ನಮ್ಮ ಭಾವನನ್ನು, ಅಂದರೆ ತೀರಿಹೋದ ನನ್ನ ಯಜಮಾನರ ಅಣ್ಣನನ್ನು, ಹಿಡಿಯುವವರಿಲ್ಲ. ಬೆಳಿಗ್ಗೆ ರೇಡಿಯೋದಲ್ಲಿ ಹವಾಮಾನ ಕೇಳಲು ಕೂರುತ್ತಾರೆ, ಅದು ಮುಗಿಯುವ ಮೊದಲೇ ಅದರ ಕಿವಿ ಹಿಂಡಿ ಬಾಯಿ ಮುಚ್ಚಿಸುತ್ತಾರೆ. "ಕೋಣೇಲಿ ಕೂತು ಮಳೆ ಹೇಳೋರಿಗೆ ಏನು ಗೊತ್ತು? ಮಳೆ ಬರೋ ಮುಂಚೆ ನೋಯೋ ನನ್ನ ಮಂಡೀನ ಕೇಳ್ಲಿ!" ಆಮೇಲೆ ಅಂಗಳಕ್ಕೆ ಬಂದು, ಮೂಗೆತ್ತಿ ಗಾಳಿ ಮೂಸಿ, ಇರುವೆ ಸಾಲನ್ನು ಬಗ್ಗಿ ವಿಚಾರಿಸಿ ತೀರ್ಪು ಕೊಡುತ್ತಾರೆ: "ಈ ವಾರ ಮಳೆ, ಬರೆದಿಟ್ಕೊಳ್ಳಿ!" ಆ ವಾರ ನಾನು ಮನೆಯ ಹಾಸಿಗೆಗಳನ್ನೆಲ್ಲ ಧೈರ್ಯವಾಗಿ ಬಿಸಿಲಿಗೆ ಹಾಕುತ್ತೇನೆ. "ಏನಣ್ಣ, ಪೂರ್ತಿ ನೆನೆದುಬಿಟ್ರಾ?" ಎಂದು ಟೀ ಅಂಗಡಿಯವನು ಕಾಲೆಳೆದರೆ, "ಹೊರಟಿದೆ ಕಣೋ, ದಾರೀಲಿದೆ" ಎನ್ನುತ್ತಾರೆ. ಹೇಳಿ ಸುಮ್ಮನಿರುವುದೂ ಇಲ್ಲ, ಎಲ್ಲರಿಗಿಂತ ಮೊದಲು ಬಿತ್ತಿಬಿಡುತ್ತಾರೆ, ಅದೂ ನನ್ನ ಬೇಲಿಗೆ ಅಂಟಿಕೊಂಡ ತಮ್ಮ ಹೊಲದ ಪಟ್ಟಿಯನ್ನೇ. ಅವರ ಮಾತನ್ನು ಯಾರೂ ನಂಬುವುದಿಲ್ಲ, ಅವರ ಪಟ್ಟಿಯನ್ನು ಎಲ್ಲರೂ ನಂಬುತ್ತೇವೆ. ಅಲ್ಲಿ ಮೊಳಕೆ ನಿಂತರೆ ನಾವೂ ಬಿತ್ತುತ್ತೇವೆ, ಒಣಗಿದರೆ ಕಾಯುತ್ತೇವೆ. ನನ್ನ ಹತ್ತಿರ ಇರುವುದು ಒಂದೇ ಬಿತ್ತನೆಗಾಗುವಷ್ಟು ಬೀಜ, ಅದು ಮಣ್ಣುಪಾಲಾದರೆ ವರ್ಷವಿಡೀ ಒಲೆ ತಣ್ಣಗೆ. ಈ ಸಲವೂ ಅವರ ಮೊಳಕೆಯೆಲ್ಲ ಬಿಸಿಲಿಗೆ ಕರಕಲಾಯಿತು. ನಾನು ನಗು ತಡೆಯಲಾರದೆ ಬೇಲಿಯ ಈಚೆಯಿಂದ, "ಏನು ಭಾವ, ಮಂಡಿ ಮತ್ತೆ ಸುಳ್ಳು ಹೇಳ್ತಾ?" ಎಂದೆ. ಅವರು ಒಣಗಿದ ಸಸಿಯೊಂದನ್ನು ಕಿತ್ತು, ಬೇರು ನೋಡಿ, ಪಕ್ಕಕ್ಕೆ ಎಸೆದರು. "ಹೇಳ್ಲಿ ಬಿಡಮ್ಮ. ನಿನ್ನ ಬೀಜ ಇನ್ನೂ ಚೀಲದಲ್ಲೇ ಇದೆ ತಾನೆ?"