ಸಮುದ್ರಕ್ಕೆ ಬೆನ್ನು ಮಾಡಿದ ನದಿ

ಪ್ರೀತಿಯ ಮಕ್ಕಳಿಗೆ,

ನಾನು ಚಿಕ್ಕವನಿದ್ದಾಗ ನಡೆದ ಒಂದು ದಿನದ ಸಂಗತಿಯನ್ನು ನಿಮ್ಮ ಗಮನಕ್ಕೆ ತರುವ ಸಲುವಾಗಿ ಈ ಬರಹವನ್ನು ಸಾದರಪಡಿಸುತ್ತಿದ್ದೇನೆ. ಅರ್ಜಿ ಮತ್ತು ರಜೆ ಚೀಟಿಗಳ ಹೊರತು ನಾನು ಈವರೆಗೆ ಏನನ್ನೂ ಬರೆದವನಲ್ಲ. ವಯಸ್ಸಾದ ಕಾರಣ ಅಕ್ಷರಗಳು ಸಾಲು ತಪ್ಪಿವೆ, ಕಾಗುಣಿತದಲ್ಲಿಯೂ ದೋಷಗಳಿರಬಹುದು. ಅವನ್ನು ಮನ್ನಿಸಬೇಕಾಗಿ ಮೊದಲೇ ಕೇಳಿಕೊಳ್ಳುತ್ತೇನೆ.

ನಮ್ಮ ಊರು ಉತ್ತರ ಕನ್ನಡದ ಕರಾವಳಿಯಲ್ಲಿ, ಹೊಳೆಯು ಸಮುದ್ರ ಸೇರುವ ಅಳಿವೆಯ ದಂಡೆಯ ಮೇಲಿತ್ತು. ಅಪ್ಪ ಅಲ್ಲಿಯ ಶಾಲೆಯಲ್ಲಿ ಹಂಗಾಮಿ ಮಾಸ್ತರರಾಗಿದ್ದರು. ಆ ವರ್ಷ ಇನ್‌ಸ್ಪೆಕ್ಟರ್ ಸಾಹೇಬರು ಬಂದು ಪಾಠ ನೋಡಿ ಒಪ್ಪಿದರೆ ಅಪ್ಪನ ಕೆಲಸ ಕಾಯಂ ಆಗುವುದಿತ್ತು. ಒಪ್ಪದಿದ್ದರೆ ಶಾಲೆಯನ್ನೂ, ಶಾಲೆಗೆ ತಾಗಿದ ನಮ್ಮ ಮನೆಯನ್ನೂ ಬಿಡಬೇಕಾಗಿತ್ತು. ಮನೆಯಲ್ಲಿ ಈ ಮಾತನ್ನು ಯಾರೂ ಗಟ್ಟಿಯಾಗಿ ಆಡುತ್ತಿರಲಿಲ್ಲ. ಆದರೂ ಅದು ಅನ್ನದ ತಟ್ಟೆಯ ಪಕ್ಕದಲ್ಲಿಯೇ ಕುಳಿತಿರುತ್ತಿತ್ತು.

ಸಾಹೇಬರಿಗೆ ತೋರಿಸಲು ಅಪ್ಪ ಆರಿಸಿಕೊಂಡ ಪಾಠ, ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳಲ್ಲಿ ಹುಟ್ಟುವ ಅಪುರಿಮಾಕ್ ಎಂಬ ನದಿಯದು. ಒಂದು ವಾರ ಶ್ರಮಿಸಿ ಅವರು ಶಾಲೆಯ ಅಂಗಳದಲ್ಲಿ ಮಣ್ಣಿನಿಂದ ಆ ದೇಶವನ್ನೇ ಕಟ್ಟಿದರು. ಕೆಮ್ಮಣ್ಣಿನ ಪರ್ವತ, ಅದರ ತುದಿಗೆ ಹಿಮದಂತೆ ಸುಣ್ಣ. ನದಿಯ ಪಾತ್ರಕ್ಕೆ ನೀರು ಇಂಗದಂತೆ ಜೇಡಿಮಣ್ಣು ಮೆತ್ತಿ, ನುಣುಪಾದ ಕಲ್ಲಿನಿಂದ ಉಜ್ಜಿದ್ದರು. ಪಶ್ಚಿಮದಲ್ಲಿ, ಪರ್ವತದ ಬುಡಕ್ಕೇ ಪೆಸಿಫಿಕ್ ಸಾಗರದ ಗುಂಡಿ. ಪೂರ್ವದಲ್ಲಿ, ಅಂಗಳದ ಆ ಕೊನೆಯಲ್ಲಿ ಅಟ್ಲಾಂಟಿಕ್. ಎರಡರಲ್ಲಿಯೂ ಬಟ್ಟೆಗೆ ಹಾಕುವ ನೀಲಿ ಕದಡಿದ ನೀರು.

ಆ ನದಿಯ ಆಳವಾದ ಕಣಿವೆಗೆ ಅಲ್ಲಿಯ ಜನರು ಹುಲ್ಲಿನ ಹಗ್ಗದ ಸೇತುವೆ ಕಟ್ಟುತ್ತಾರೆಂದು ಅಪ್ಪ ಹೇಳಿದ್ದರು. ಮನೆಮನೆಯವರೂ ಹುಲ್ಲು ಹೊಸೆದು ತಮ್ಮ ಪಾಲಿನ ಹುರಿ ತರಬೇಕು. ಎರಡೂ ದಡದ ಊರಿನವರು ಸೇರಿ ಅವನ್ನು ಹೆಣೆದು ಹೊಸ ಸೇತುವೆ ಕಟ್ಟಬೇಕು, ಹಳೆಯದನ್ನು ಕಡಿದು ನದಿಗೆ ಬಿಡಬೇಕು. ಪ್ರತಿ ವರ್ಷವೂ ಹೀಗೆಯೇ, ಅಜ್ಜ ಮುತ್ತಜ್ಜರ ಕಾಲದಿಂದ. ಇದನ್ನು ಕೇಳಿದ ಅಕ್ಕ ತೆಂಗಿನ ನಾರನ್ನು ತೊಡೆಯ ಮೇಲೆ ಹೊಸೆದು ಒಂದು ಗೇಣಿನ ಸೇತುವೆ ಮಾಡಿದಳು. ನೆನೆದ ನಾರಿನ ಹುಳಿ ವಾಸನೆ ಅವಳ ಕೈಯಿಂದ ಮೂರು ದಿನ ಹೋಗಲಿಲ್ಲ.

ಸಾಹೇಬರು ಬರುವ ದಿನ ನನಗೆ ಬೆಳಗಾಗುವ ಮೊದಲೇ ಎಚ್ಚರವಾಯಿತು. ಕುಳಿತಲ್ಲಿ ಕೂರಲಾಗಲಿಲ್ಲ. ಅಂಗಳಕ್ಕೆ ಹೋಗಿ ನದಿಯನ್ನು ತುದಿಯಿಂದ ನೋಡಿದೆ, ಬುಡದಿಂದ ನೋಡಿದೆ. ಆಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಸಮುದ್ರವು ಪಕ್ಕದಲ್ಲಿಯೇ ಇರುವಾಗ ಅಪ್ಪ ನದಿಯನ್ನು ಅದಕ್ಕೆ ಬೆನ್ನು ಮಾಡಿಸಿ ಅಂಗಳದ ಆ ಕೊನೆಗೆ ಕಳಿಸಿದ್ದರು! ನಮ್ಮ ಸೀಮೆಯಲ್ಲಿ ನಾನು ಕಂಡ ಹೊಳೆ, ಹಳ್ಳ, ಮಳೆಗಾಲದ ಚರಂಡಿ ಎಲ್ಲವೂ ಗುಡ್ಡದಿಂದ ಇಳಿದು ಪಡುವಣ ಸಮುದ್ರಕ್ಕೇ ಬೀಳುತ್ತಿದ್ದವು. ಅವಸರದಲ್ಲಿ ಅಪ್ಪ ತಪ್ಪು ಮಾಡಿದ್ದಾರೆಂದು ನಾನು ನಿಶ್ಚಯಿಸಿದೆ. ಅವರಿಗೆ ಅವಮಾನವಾಗಬಾರದೆಂದು, ತೆಂಗಿನ ಕರಟದಿಂದ ಪರ್ವತದ ಪಶ್ಚಿಮ ಬದಿಯನ್ನು ಕೊರೆದು ದಾರಿ ಮಾಡಿದೆ. ಪೂರ್ವದ ಪಾತ್ರಕ್ಕೆ ಮಣ್ಣು ಒತ್ತಿ ಮುಚ್ಚಿದೆ. ಯಾರಿಗೂ ಹೇಳಲಿಲ್ಲ.

ಹತ್ತು ಗಂಟೆಗೆ ದೋಣಿ ಬಂತು. ಸಾಹೇಬರು ಪ್ಯಾಂಟನ್ನು ಮೊಣಕಾಲಿಗೆ ಮಡಚಿಕೊಂಡು ಇಳಿದರು. ಅಪ್ಪ ನದಿಯ ಕಥೆ ಹೇಳಿ, ತಾಮ್ರದ ಚೊಂಬಿನಿಂದ ಹಿಮದ ತುದಿಗೆ ನೀರು ಹೊಯ್ದರು. ನೀರು ಒಂದು ಕ್ಷಣ ತಡೆದು, ನಾನು ಕೊರೆದ ದಾರಿಯಲ್ಲಿ ಜಾರಿ, ಬುಳಕ್ಕೆಂದು ಪೆಸಿಫಿಕ್‌ಗೆ ಬಿತ್ತು. ಅಕ್ಕನ ಸೇತುವೆಯ ಕೆಳಗೆ ಒಂದು ಹನಿಯೂ ಬರಲಿಲ್ಲ.

“ಏನ್ರೀ ಮಾಸ್ತರ, ನಿಮ್ಮ ನದಿ ಹೊಸ್ತಿಲಾ ದಾಟೂದರಾಗ ಸಮುದ್ರಕ್ಕ ಬಿತ್ತಲ್ರೀ!” ಎಂದರು ಸಾಹೇಬರು.

ಅಪ್ಪ ಬಗ್ಗಿ ನೋಡಿದರು. ಒದ್ದೆ ಮಣ್ಣಿನಲ್ಲಿ ಸಣ್ಣ ಬೆರಳುಗಳ ಗುರುತುಗಳಿದ್ದವು. ಅವರ ಕಣ್ಣು ನನ್ನ ಉಗುರುಗಳ ಕೆಂಪಿನ ಮೇಲೆ ನಿಂತು, ಹಿಂದಕ್ಕೆ ಹೋಯಿತು.

“ತಪ್ಪು ನನ್ನದೇ, ಸಾಹೇಬರೇ,” ಎಂದರು.

ಆ ಮಾತನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. “ಅಪ್ಪ ಅಲ್ಲ, ನಾನು ಕೊರ್ದದ್ದು! ಸಮುದ್ರ ಇಲ್ಲೇ ಉಂಟಲ್ಲ, ನದಿ ಎಂತಕ್ಕೆ ಅಷ್ಟು ದೂರ ಹೋಗ್ಬೇಕು?” ಎಂದು ಕೂಗಿದೆ. ಹುಡುಗರು ನಕ್ಕರು. ಅಕ್ಕ ನಗಲಿಲ್ಲ.

ಸಾಹೇಬರು ನನ್ನ ಕಡೆಗೆ ಬಗ್ಗಿದರು. “ನಾ ಕೃಷ್ಣಾ ದಂಡೀಯಾವ, ತಮ್ಮಾ. ನಮ್ಮ ಹೊಳಿನೂ ಈ ಸಮುದ್ರದ ಮಗ್ಗಲದಾಗ ಹುಟ್ಟಿ, ಇದರ ಮಾರಿ ನೋಡದs ಮೂಡಣಕ್ಕ ಹೊಕ್ಕತಿ. ಯಾಕ ಅಂತ ನಿಮ್ಮಪ್ಪನ್ನ ಕೇಳು. ಹೇಳ್ರೀ ಮಾಸ್ತರ.”

ಅಪ್ಪ ನನ್ನ ಕೈಯನ್ನು ತಮ್ಮ ಕೈಯೊಳಗೆ ಹಿಡಿದು, ನಾನು ಕೊರೆದ ಬಿರುಕಿಗೆ ಮಣ್ಣು ತುಂಬಿಸಿದರು. ಪೂರ್ವದ ಪಾತ್ರವನ್ನು ಬಿಡಿಸಿದರು. ಪಶ್ಚಿಮದ ಬದಿಯಲ್ಲಿ ಗುಡ್ಡ ಎಷ್ಟು ಎತ್ತರವಾಗಿ ಅಡ್ಡ ನಿಂತಿದೆಯೆಂದು ನನ್ನ ಅಂಗೈಗೆ ತಿಳಿಯಿತು. ಮತ್ತೆ ನೀರು ಹೊಯ್ದರು. ಅದು ಗುಡ್ಡಕ್ಕೆ ತಾಗಿ, ತಿರುಗಿ, ಕಣಿವೆಗೆ ಇಳಿದು, ಅಕ್ಕನ ನಾರಿನ ಸೇತುವೆಯ ಕೆಳಗೆ ನುಸುಳಿ, ಅಂಗಳದ ಉದ್ದಕ್ಕೂ ತೆವಳುತ್ತ ಹೋಯಿತು. ನಾವೆಲ್ಲರೂ ಅದರ ಜೊತೆಗೆ ನಡೆದೆವು, ಸಾಹೇಬರೂ.

ಸಾಹೇಬರು ಭೇಟಿ ಪುಸ್ತಕದಲ್ಲಿ ಏನೋ ಬರೆದು ದೋಣಿ ಹತ್ತಿದರು. ಅಂದು ಸಂಜೆ ಅಪ್ಪ ನನಗೆ ಹೇಳಿದ್ದು ಇಷ್ಟೇ: “ನನ್ನ ಹತ್ರ ಒಂದು ಮಾತು ಕೇಳ್ಬಹುದಿತ್ತಲ್ಲ, ಮಾರಾಯ.” ಹೊಡೆದಿದ್ದರೆ ಮರೆಯುತ್ತಿದ್ದೆ. ಕಾಯಂ ಆದ ಆದೇಶವು ಬಂದದ್ದು ಮಳೆ ಹಿಡಿದ ಮೇಲೆ. ಅಲ್ಲಿಯವರೆಗೆ ಅಂಚೆಯವನ ಕೊಡೆ ಕಂಡಾಗಲೆಲ್ಲ ನಾನು ಹಿತ್ತಿಲಿಗೆ ಓಡುತ್ತಿದ್ದೆ.

ಈಗ ನಾನು ಪರದೇಶದ ಒಂದು ಸಪಾಟು ಊರಾದ ನ್ಯೂವೆಗೈನ್‌ನಲ್ಲಿ ಮೊಮ್ಮಕ್ಕಳ ಜೊತೆಗಿದ್ದೇನೆ. ಮನೆಯ ಹಿಂದೆ ಕಾಲುವೆಯಿದೆ. ನೀರು ಎತ್ತ ಹರಿಯುತ್ತದೆಂದು ತಿಳಿಯಲು ಒಂದು ಒಣ ಎಲೆಯನ್ನು ಬಿಟ್ಟು ಬಹಳ ಹೊತ್ತು ನಿಂತಿದ್ದೆ, ಎಲೆ ಕದಲಲಿಲ್ಲ. ಇಲ್ಲಿ ನೀರಿಗೆ ದಾರಿ ತೋರಿಸಲು ಗುಡ್ಡಗಳಿಲ್ಲ, ಪಂಪುಗಳಿವೆ. ಮೊಮ್ಮಗಳು ಮುಂದಿನ ವಾರ ತರಗತಿಯ ಎದುರು ನಿಂತು ಒಂದು ನದಿಯ ಬಗ್ಗೆ ಮಾತನಾಡಬೇಕು. ನನ್ನ ಮಾತು ಕೇಳಿ ಅವಳು ಅಪುರಿಮಾಕನ್ನೇ ಆರಿಸಿದಳು. ಊಟದ ಮೇಜಿನ ಮೇಲೆ ಮೈದಾ ಹಿಟ್ಟಿನ ಆಂಡಿಸ್ ಎದ್ದಿತು.

ನಿನ್ನೆ ಅವಳ ಕೈ ಪರ್ವತದ ಪಶ್ಚಿಮ ಬದಿಯಲ್ಲಿ ನಿಂತಿತು. “ಅಜ್ಜ, ಸೀ ಇಷ್ಟು ಹತ್ರ ಇದೆಯಲ್ಲ, ವಾಟರ್ ಯಾಕೆ ಆ ಕಡೆ ಹೋಗುತ್ತೆ? ಇಲ್ಲಿ ಒಂದು ಪಂಪ್ ಇಡ್ಲಾ?”

“ಡೈಕ್ ಕೂಡ ಬೇಕು!” ಎಂದು ಅವಳ ತಮ್ಮ, ಇಲ್ಲಿ ನೀರು ತಡೆಯಲು ಕಟ್ಟುವ ಒಡ್ಡನ್ನು ನೆನೆದು ಹೇಳಿದ.

ನನಗೆ ನಗು ಬರಲಿಲ್ಲ. ಅವಳ ಕೈ ಹಿಟ್ಟನ್ನು ಇನ್ನೂ ಮುಟ್ಟಿರಲಿಲ್ಲ. ಅವಳು ಮೊದಲು ಕೇಳಿದ್ದಳು. ನಾನು ಅವಳ ಬೆರಳನ್ನು ಹಿಡಿದು, ಅಡ್ಡ ನಿಂತ ಗುಡ್ಡದ ಮೇಲೆ ಮೆಲ್ಲನೆ ಆಡಿಸಿದೆ.

ಕೊನೆಯದಾಗಿ ವಿನಂತಿಸುವುದೇನೆಂದರೆ, ಈ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ಅವಶ್ಯವಾಗಿ ತಿದ್ದಬೇಕು. ಆದರೆ ತಿದ್ದುವ ಮೊದಲು ನನ್ನನ್ನು ಒಂದು ಮಾತು ಕೇಳಿ.